ಚಳಿಗಾಲದ ಏರುಮಡಿ



ಕರ್ನಾಟಕದಲ್ಲಿ ಚಳಿಯ ಮಾತು ಬಂದೊಡನೆ ಬಹುಮಂದಿಗೆ ಕೊಡಗು, ಚಿಕ್ಕಮಗಳೂರುಗಳ ಗಿರಿಸೀಮೆಯೇ ನೆನಪಾಗುತ್ತದೆ. ಆದರೆ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬಾನುಲಿಯ ಹವಾವಾರ್ತೆಯನ್ನು ಕಿವಿಗೊಟ್ಟು ಕೇಳುವ ನಿಮಗೆ ಗೊತ್ತುಂಟು: ರಾಜ್ಯದ ಬಯಲುನಾಡಿನಲ್ಲಿ ಅತ್ಯಂತ ಕಡಿಮೆ ಉಷ್ಣತೆ ದಾಖಲಾದ ಸ್ಥಳವೆಂದು ಎಷ್ಟೋ ದಿನ ಬೀದರದ ಹೆಸರೇ ಬರುತ್ತದೆ. ಬೀದರ ಕಡಲಿಗೆ ದೂರ. ಸಮುದ್ರಮಟ್ಟಕ್ಕಿಂತ ಸುಮಾರು 2200 ಅಡಿ ಎತ್ತರ. ಹೇಮಂತದಲ್ಲಿ ಇಲ್ಲಿಯ ಗಾಳಿ ಶುಷ್ಕ, ಆಕಾಶ ನಿರಭ್ರ. ಹಗಲೆಲ್ಲ ನೆಲವು ಸಂಗ್ರಹಿಸಿದ ಶಾಖವನ್ನು ಹಿಡಿದು ನಿಲ್ಲಿಸತಕ್ಕ ಮೋಡದ ಹೊದಿಕೆ ಇಲ್ಲದುದರಿಂದ, ಮಧ್ಯಾಹ್ನ ಮೈ ಬೆವರುವಷ್ಟು ಬಿಸಿಲಿದ್ದರೂ, ಬೆಳಗಿನ ಜಾವಕ್ಕೆ ಉಷ್ಣತೆಯು 10 ಡಿಗ್ರಿಯ ಆಸುಪಾಸಿಗೆ, ಕೆಲವು ವರ್ಷ ಅದಕ್ಕೂ ಕೆಳಗೆ ಇಳಿದುಬಿಡುತ್ತದೆ. ಈ ಚಳಿಯಲ್ಲಿ ಮನೆಯ ಹಿತ್ತಲಿನಲ್ಲಿ ಕಾಯಿಪಲ್ಲೆ ಬೆಳೆಯುವುದು ಹೇಗೆ, ಅದೂ ಕಣ್ಣಿಗೆ ಚೆಲುವಾಗಿ, ಕೈಗೆ ಹುಲುಸಾಗಿ ಬೆಳೆಯುವುದು ಹೇಗೆ ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ನಾನು ಕಣ್ಣಮುಂದೆ ಇಟ್ಟುಕೊಂಡಿರುವ ಹಿತ್ತಲು ಠಾಣಾ ಕುಶನೂರಿನದು. ಭಾಲ್ಕಿ ಒಂದು ಕಡೆ, ಔರಾದ ಇನ್ನೊಂದು ಕಡೆ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಬರುವ ಸೀಮೆ. ಭೂಮಿ ಎರೆ. ನನ್ನ ದೊಡ್ಡಮ್ಮನ ಮನೆಯ ಹಿಂದೆ, ಬಚ್ಚಲು ನೀರು ಹರಿಯುವ ಕಾಲುವೆಯಾಚೆ, ಸುಮಾರು 600 ಚದರ ಅಡಿಯಷ್ಟು ಜಾಗವಿತ್ತು. ನಾನು ತಾರುಣ್ಯದ ಉತ್ಸಾಹದಲ್ಲಿ ಮೊದಲ ಸಲ ಅಲ್ಲಿ ತೋಟ ಹಾಕಿದಾಗ ನೆಲವನ್ನು ಅಗೆದು, ಸಮತಟ್ಟು ಮಾಡಿ, ಸುತ್ತ ಒಡ್ಡು ಕಟ್ಟಿ, ಪಾತಿಗಳನ್ನು ತಟ್ಟೆಯಂತೆ ತಗ್ಗಾಗಿ ಮಾಡಿದೆ. ಮಹಾನವಮಿ ಮುಗಿದ ವಾರದಲ್ಲಿ ಹೂಕೋಸಿನ ಸಸಿ ನೆಟ್ಟೆ. ನೆಟ್ಟ ನಾಲ್ಕನೆಯ ದಿನ ಹಿಂಗಾರಿನ ಮಳೆ ರಾತ್ರಿಯಿಡೀ ಸುರಿಯಿತು. ಪಾತಿಯಲ್ಲಿ ನಿಂತ ನೀರು ಮೂರು ದಿನ ಇಂಗಲಿಲ್ಲ. ನಾಲ್ಕನೆಯ ದಿನ ಸಸಿಗಳ ಕುತ್ತಿಗೆ ಕಂದಾಗಿ, ಹಿಡಿದೆಳೆದರೆ ಬೇರಿನ ಸಿಪ್ಪೆಯೆಲ್ಲ ಮಣ್ಣಿನಲ್ಲೇ ಉಳಿದು ದಾರದಂಥ ನಾರು ಮಾತ್ರ ಕೈಗೆ ಬಂತು. ದೊಡ್ಡಮ್ಮ ಅದನ್ನು ಮೂಸಿ ನೋಡಿ, "ಇದಕ್ಕೆ ಥಂಡಿ ಹತ್ತಿಲ್ಲಪ್ಪ, ಇದು ಉಸುರುಗಟ್ಟಿ ಸತ್ತದ" ಎಂದಳು. ಆಮೇಲೆ ಓದಿ ತಿಳಿದುಕೊಂಡ ವಿಷಯಗಳೆಲ್ಲ ಆ ಒಂದು ಮಾತಿಗೆ ಬರೆದ ಭಾಷ್ಯದಂತೆ ನನಗೆ ತೋರಿದೆ.

ಚಳಿ ನಮ್ಮ ಕಾಯಿಪಲ್ಲೆಗೆ ಶತ್ರುವೇ ಅಲ್ಲ. ಹೂಕೋಸು, ಎಲೆಕೋಸು, ನವಿಲುಕೋಸು, ಗಜ್ಜರಿ, ಬಟಾಣಿ, ಮೂಲಂಗಿ ಇವೆಲ್ಲ ಚಳಿಯನ್ನು ಬೇಡಿ ಪಡೆಯತಕ್ಕ ಸಸ್ಯಗಳು. ತಂಪು ಹತ್ತಿದ ಗಜ್ಜರಿಯೂ ಕೋಸೂ ತಮ್ಮೊಳಗಿನ ಪಿಷ್ಟದ ಒಂದಂಶವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತವೆ. ಪುಷ್ಯಮಾಸದ ಗಜ್ಜರಿಗೆ ಬರುವ ಸಿಹಿ ಬೇಸಿಗೆಯ ಗಜ್ಜರಿಗೆ ಬಾರದಿರುವುದು ಇದರಿಂದಲೇ. ಬಳ್ಳೊಳ್ಳಿಯಂತೂ ಎಳೆಯದಾಗಿದ್ದಾಗ ತಂಪು ಕಾಣದಿದ್ದರೆ ಗಡ್ಡೆಯನ್ನೇ ಸರಿಯಾಗಿ ಕಟ್ಟದು. ಸಸಿಯನ್ನು ಕೊಲ್ಲುವುದು ಚಳಿಯಲ್ಲಿ ನೀರು ನಿಂತ ಮಣ್ಣು. ಇಂದಿನ ಭಾಷಣದ ಬೀಜವಾಕ್ಯವನ್ನು ಈಗಲೇ ಹೇಳಿಬಿಡುತ್ತೇನೆ: ಬೇರು ನೀರಿನ ನೆರೆಯಲ್ಲಿರಬೇಕು, ನೀರಿನೊಳಗೆ ಇರಕೂಡದು. ಏರುಮಡಿ ಎಂಬುದು ಈ ನೆರೆಹೊರೆಯನ್ನು ಸಾಧಿಸುವ ಉಪಾಯ.

ಈ ಉಪಾಯ ನಮಗೇಕೆ ವಿಶೇಷವಾಗಿ ಬೇಕು? ಎರೆಮಣ್ಣಿನ ಸ್ವಭಾವವನ್ನು ಸ್ವಲ್ಪ ಪರಿಶೀಲಿಸೋಣ. ಅದರ ಸೂಕ್ಷ್ಮಕಣಗಳು ಹಾಳೆಯ ಮೇಲೆ ಹಾಳೆ ಜೋಡಿಸಿದಂತೆ ಇರುತ್ತವೆ. ಹಾಳೆಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ. ನೀರು ಆರಿದರೆ ಕುಗ್ಗಿ ಬಿರುಕುಬಿಡುತ್ತದೆ. ಉಬ್ಬಿದ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಬೇರಿಗೂ ನಮ್ಮಂತೆ ಪ್ರಾಣವಾಯು ಬೇಕೆಂಬುದನ್ನು ನಾವು ಮರೆತುಬಿಡುತ್ತೇವೆ. ಎರಡನೆಯ ತೊಂದರೆ ಶಾಖದ್ದು. ತೂಕಕ್ಕೆ ತೂಕ ಹಿಡಿದರೆ ಒಣಮಣ್ಣನ್ನು ಬೆಚ್ಚಗೆ ಮಾಡುವುದಕ್ಕಿಂತ ನೀರನ್ನು ಬೆಚ್ಚಗೆ ಮಾಡಲು ಸುಮಾರು ಐದು ಪಟ್ಟು ಶಾಖ ಬೇಕು. ಬಚ್ಚಲೊಲೆಯ ಹಂಡೆ ಕಾಯಲು ಎಷ್ಟು ಕಟ್ಟಿಗೆ ಉರಿಯಬೇಕೆಂದು ಬಲ್ಲ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಸರಾದ ನೆಲವು ಹೇಮಂತದ ಎಳೆಬಿಸಿಲಿನಲ್ಲಿ ಮಧ್ಯಾಹ್ನದವರೆಗೂ ತಣ್ಣಗೇ ಉಳಿಯುತ್ತದೆ. ಬೀಜವು ಆ ತಂಪಿನಲ್ಲಿ ಮೊಳೆಯಲೊಲ್ಲದೆ ಕೊಳೆಯುತ್ತದೆ.

ಇದುವರೆಗೆ ಹೇಳಿದುದು ಇಷ್ಟು: ನಮ್ಮ ಸೀಮೆಯ ಚಳಿ ಒಳ್ಳೆಯದು, ಚಳಿಯೊಡನೆ ನಿಂತ ನೀರು ಕೆಟ್ಟದ್ದು, ಎರೆಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ಇನ್ನು ಮಡಿಯನ್ನು ಏರಿಸುವ ಕ್ರಮಕ್ಕೆ ಬರುತ್ತೇನೆ.

ಮಡಿಯ ಅಗಲ ಮೂರೂವರೆ ಅಡಿಯಿಂದ ನಾಲ್ಕು ಅಡಿ ಸಾಕು. ಎರಡೂ ಬದಿಯಿಂದ ಕುಕ್ಕುರುಗಾಲಿನಲ್ಲಿ ಕುಳಿತು ಕೈ ನೀಡಿದರೆ ನಡುಭಾಗ ಎಟುಕಬೇಕು. ಏಕೆಂದರೆ ಒಮ್ಮೆ ಕಟ್ಟಿದ ಮಡಿಯ ಮೇಲೆ ಯಾರೂ ಕಾಲಿಡಕೂಡದು. ತುಳಿದ ಮಣ್ಣು ಮತ್ತೆ ಗಟ್ಟಿಯಾಗಿ, ನಾವು ಕಷ್ಟಪಟ್ಟು ಒಳಗೆ ಸೇರಿಸಿದ ಗಾಳಿಯೆಲ್ಲ ಹೊರಟುಹೋಗುತ್ತದೆ. ಉದ್ದ 10 ಅಡಿ ಇರಲಿ, 12 ಇರಲಿ. ಎತ್ತರ ಒಂದಡಿ. ಎರಡು ಮಡಿಗಳ ನಡುವೆ ಒಂದೂವರೆ ಅಡಿಯ ದಾರಿ. ಆ ದಾರಿಯ ಮೇಲ್ಮಣ್ಣನ್ನೇ ಒಂದು ಗೇಣು ತೆಗೆದು ಮಡಿಯ ಮೇಲೆ ಹಾಕಿದರೆ ಮಡಿಯೂ ಏರುತ್ತದೆ, ದಾರಿಯೂ ತಗ್ಗಾಗಿ ಕಾಲುವೆಯಾಗುತ್ತದೆ. ಒಂದೇ ಗುದ್ದಲಿಯ ಕೆಲಸದಿಂದ ಎರಡು ಪ್ರಯೋಜನ.

ಮಡಿಯ ಉದ್ದ ಪೂರ್ವಪಶ್ಚಿಮವಾಗಿ ಇರಲಿ. ಡಿಸೆಂಬರಿನಲ್ಲಿ ನಮ್ಮ ಸೀಮೆಯ ಸೂರ್ಯ ನಡುಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ. ದಕ್ಷಿಣದ ಆಕಾಶದಲ್ಲಿ, ದಿಗಂತಕ್ಕೂ ನೆತ್ತಿಗೂ ಸರಿಸುಮಾರು ನಡುವೆ ನಿಲ್ಲುತ್ತಾನೆ. ಆದುದರಿಂದ ಮಡಿಯ ಮೈಯನ್ನು ದಕ್ಷಿಣಕ್ಕೆ ಎರಡು ಬೆರಳಿನಷ್ಟು ಇಳಿಜಾರಾಗಿಸಿದರೆ, ಬಿಸಿಲು ಕಾಯಲು ಕಟ್ಟೆಯ ಮೇಲೆ ಒರಗಿ ಕೂತ ಹಿರಿಯರಂತೆ, ಮಣ್ಣು ಆ ಓರೆಬಿಸಿಲಿಗೆ ಎದೆಯೊಡ್ಡಿ ನಿಲ್ಲುತ್ತದೆ. ಈಶಾನ್ಯದ ಕಡೆ ತೊಗರಿಕಟ್ಟಿಗೆಯ ತಡಿಕೆ ಕಟ್ಟಿ. ತೊಗರಿ ಬೆಳೆಯುವ ಸೀಮೆಯಲ್ಲಿ ಇದಕ್ಕೆ ಕಾಸು ಖರ್ಚಿಲ್ಲ. ತಡಿಕೆ ಪೂರ್ತಿ ಮುಚ್ಚಿರಬೇಕಾಗಿಲ್ಲ. ಗಾಳಿಯ ಬಿರುಸು ಮುರಿದರೆ ಸಾಕು.

ಮಣ್ಣಿನ ವಿಷಯದಲ್ಲಿ ಒಂದು ಎಚ್ಚರಿಕೆ. ಎರೆ ಸಡಿಲಾಗಲೆಂದು ನಾಲ್ಕು ಬುಟ್ಟಿ ಮರಳು ಸುರಿಯುವವರು ಬಹಳ. ಅಲ್ಪ ಮರಳು ಜೇಡಿಗೆ ಬಿದ್ದರೆ ಸಡಿಲಾಗುವ ಬದಲು ಗಾರೆಯಂತೆ ಬಿಗಿಯಬಹುದು. ಎರೆಯನ್ನು ಸಡಿಲಿಸತಕ್ಕದ್ದು ಗೊಬ್ಬರ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಧಾರಾಳವಾಗಿ ಸೇರಿಸಿ. ಕಳಿತ ಗೊಬ್ಬರವೆಂದು ಒತ್ತಿ ಹೇಳುತ್ತೇನೆ. ಹಿಡಿಯಲ್ಲಿ ಹಿಡಿದರೆ ಕಪ್ಪಗೆ ಪುಡಿಪುಡಿಯಾಗಿ, ಮೊದಲ ಮಳೆಯ ನೆಲದ ವಾಸನೆ ಬರಬೇಕು. ಸೆಗಣಿಯ ವಾಸನೆ ಇದ್ದರೆ ಇನ್ನೂ ಎರಡು ತಿಂಗಳು ಕಾಯಿರಿ.

ಬೀದರ ಪಟ್ಟಣದಲ್ಲಿ ಕುಳಿತು ಕೇಳುತ್ತಿರುವ ಮಿತ್ರರಿಗೆ ಇಲ್ಲಿ ಬೇರೆ ಮಾತು ಹೇಳಬೇಕು. ನಿಮ್ಮ ಕಾಲಡಿಯ ಭೂಮಿ ಎರೆಯಲ್ಲ, ಜಂಬಿಟ್ಟಿಗೆಯ ಕೆಂಪು ನೆಲ. ಮಳೆನೀರು ಆ ರಂಧ್ರಮಯ ಕಲ್ಲಿನಲ್ಲಿ ಸರಸರನೆ ಇಳಿದು, ಕೆಳಗಿನ ಕರಿಗಲ್ಲನ್ನು ಮುಟ್ಟಿ, ಅದರ ಮೇಲೆ ಅಡ್ಡಕ್ಕೆ ಹರಿಯುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲದ ಕುಶಲಿಗರು ಈ ರಹಸ್ಯವನ್ನು ಅರಿತೇ ನೆಲದಡಿಯಲ್ಲಿ ಸುರಂಗ ತೋಡಿ, ನೌಬಾದಿನ ಕರೇಜಿನಂಥ ಜಲಮಾರ್ಗಗಳನ್ನು ನಿರ್ಮಿಸಿದರು. ನೀರು ಇಷ್ಟು ಬೇಗ ಇಳಿದುಹೋಗುವ ನೆಲದಲ್ಲಿ ಮಡಿಯನ್ನು ಒಂದಡಿ ಏರಿಸಿದರೆ ಅದು ಬೂದಿಯಂತೆ ಒಣಗೀತು. ನಿಮಗೆ ನಾಲ್ಕೈದು ಅಂಗುಲದ ಎತ್ತರ ಸಾಕು, ಗೊಬ್ಬರ ಮಾತ್ರ ಇಮ್ಮಡಿ. ಅಂಚಿಗೆ ನಿಮ್ಮಲ್ಲಿ ದೊರೆಯುವ ಕೆಂಪುಕಲ್ಲನ್ನೇ ಇಡಬಹುದು. ಕೋಟೆಯ ಗೋಡೆಗೆ ಒಪ್ಪಿದ ಕಲ್ಲು ಹಸುರಿನ ಪಕ್ಕದಲ್ಲಿಯೂ ಎಷ್ಟು ಶೋಭಿಸುತ್ತದೆಂಬುದನ್ನು ನೋಡಿದವರೇ ಬಲ್ಲರು. ಎರೆಯ ಸೀಮೆಯವರಿಗೆ ಹೊಲದ ಕರಿಗಲ್ಲೇ ಆದೀತು. ಕಲ್ಲಿನ ಅಂಚು ಹಗಲಿನ ಬಿಸಿಯನ್ನು ಹೀರಿಟ್ಟುಕೊಂಡು, ಮುಸ್ಸಂಜೆಯ ಮೇಲೆ ನಿಧಾನವಾಗಿ ಪಕ್ಕದ ಮಣ್ಣಿಗೆ ಬಿಟ್ಟುಕೊಡುತ್ತದೆ.

ಮಡಿ ಕಟ್ಟಿದ್ದಾಯಿತು: ಅಗಲ ನಾಲ್ಕು ಅಡಿ, ಎತ್ತರ ಎರೆಯಲ್ಲಿ ಒಂದಡಿ, ಕೆಂಪಿನಲ್ಲಿ ಅದರರ್ಧಕ್ಕೂ ಕಡಿಮೆ, ಮೈ ದಕ್ಷಿಣಕ್ಕೆ. ಇನ್ನು ಬಿತ್ತನೆ.

ಕೋಸು, ಹೂಕೋಸು, ಟೊಮ್ಯಾಟೊ, ಬದನೆಗಳನ್ನು ಭಾದ್ರಪದದಲ್ಲಿಯೇ ಬೇರೆ ಚಿಕ್ಕ ಮಡಿಯಲ್ಲಿ ಸಸಿಮಾಡಿಕೊಳ್ಳಬೇಕು. 25-30 ದಿನದ ಸಸಿ ನಾಟಿಗೆ ಯೋಗ್ಯ. ಬೇರುಗಡ್ಡೆಯ ಗಜ್ಜರಿ, ಮೂಲಂಗಿಗಳನ್ನು ಮಡಿಯಲ್ಲಿಯೇ ನೇರವಾಗಿ ಬಿತ್ತಬೇಕು. ಕಿತ್ತು ನೆಟ್ಟರೆ ಅವುಗಳ ಗಡ್ಡೆ ಕವಲೊಡೆಯುತ್ತದೆ. ಮೂಲಂಗಿ 40-45 ದಿನಕ್ಕೆ ಕೈಗೆ ಬರುತ್ತದೆ, ಗಜ್ಜರಿಗೆ ಮೂರು ತಿಂಗಳು ಬೇಕು. ಅವೆರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬಿತ್ತಿದರೆ, ಮೂಲಂಗಿ ಕಿತ್ತ ಜಾಗ ಗಜ್ಜರಿ ಉಬ್ಬುವುದಕ್ಕೆ ತೆರವಾಗುತ್ತದೆ. ಮೆಂತ್ಯವನ್ನು ಒಮ್ಮೆಲೇ ಎರಚಬೇಡಿ. ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದೊಂದು ಗೇಣಿನ ಪಟ್ಟಿ ಬಿತ್ತುತ್ತ ಹೋದರೆ ಚಳಿಗಾಲವಿಡೀ ಎಳೆಯ ಪಲ್ಯ ತಪ್ಪುವುದಿಲ್ಲ.

ಕೊತಂಬರಿಯ ವಿಷಯ ದೊಡ್ಡಮ್ಮನಿಂದ ಕಲಿತದ್ದು. ಅಂಗಡಿಯಿಂದ ತಂದ ಕೊತಂಬರಿ ಕಾಳನ್ನು ಅವಳು ಗೋಣಿಚೀಲದ ಮೇಲೆ ಹರವಿ, ಇನ್ನೊಂದು ಗೋಣಿ ಮುಚ್ಚಿ, ಮೇಲೆ ಹಲಗೆಯಿಟ್ಟು ಹಗುರವಾಗಿ ಉಜ್ಜುವಳು. ಉಜ್ಜುತ್ತ ಉಜ್ಜುತ್ತ ನಡುನಡುವೆ ಗೋಣಿ ಎತ್ತಿ ನೋಡುವಳು. ಕಾಳು ಎರಡು ಹೋಳಾಗಬೇಕು, ಹಿಟ್ಟಾಗಬಾರದು. ನಾವು ಒಂದು ಕಾಳೆಂದು ಭಾವಿಸುವುದರಲ್ಲಿ ನಿಜವಾಗಿ ಎರಡು ಬೀಜಗಳು ಬೆನ್ನಿಗೆ ಬೆನ್ನಿಟ್ಟು ಕೂತಿರುತ್ತವೆ. ಹೋಳಾದ ಬೀಜವನ್ನು ಅವಳು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಒದ್ದೆಬಟ್ಟೆಯಲ್ಲಿ ಕಟ್ಟಿ, ಒಲೆಯ ಪಕ್ಕದ ಗೂಡಿನಲ್ಲಿ ಒಂದು ದಿನ ಇಟ್ಟು ಆಮೇಲೆ ಬಿತ್ತುವಳು. ಚಳಿಯ ನೆಲದಲ್ಲಿ ಬೀಜ ಎರಡು ವಾರ ತೂಕಡಿಸುವುದನ್ನು ಈ ಒಲೆಯ ಗೂಡು ತಪ್ಪಿಸುತ್ತಿತ್ತು.

ಮಡಿಯನ್ನೂ ಬಿತ್ತನೆಯನ್ನೂ ಹೇಳಿದ್ದಾಯಿತು. ಈಗ ಚಳಿಯ ರಾತ್ರಿಗಳನ್ನು ದಾಟಿಸುವ ಬಗೆ. ಇಲ್ಲಿ ನನ್ನ ಬೀಜವಾಕ್ಯವನ್ನು ಮತ್ತೆ ನೆನಪಿಗೆ ತಂದುಕೊಳ್ಳಿರಿ: ಬೇರು ನೀರಿನ ನೆರೆಯಲ್ಲಿರಬೇಕು.

ಶ್ರೋತೃಗಳೇ, ಒಂದು ಕ್ಷಣ ನಿಮ್ಮನ್ನು ಬಹುದೂರಕ್ಕೆ ಕರೆದೊಯ್ಯುತ್ತೇನೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಡುವೆ ಟಿಟಿಕಾಕಾ ಎಂಬ ಮಹಾಸರೋವರವಿದೆ. ಸಮುದ್ರಮಟ್ಟದಿಂದ 12,000 ಅಡಿಗೂ ಮಿಕ್ಕ ಎತ್ತರ. ಬೆಳೆಯ ಕಾಲದಲ್ಲಿಯೂ ರಾತ್ರಿ ಹಿಮ ಬೀಳುವ ಸ್ಥಳ. ಅಲ್ಲಿಯ ಪ್ರಾಚೀನ ಕೃಷಿಕರು ಮಣ್ಣನ್ನು ಉದ್ದುದ್ದ ದಿಬ್ಬಗಳಾಗಿ ಏರಿಸಿ, ದಿಬ್ಬ ದಿಬ್ಬದ ನಡುವೆ ಕಾಲುವೆ ತೋಡಿ ನೀರು ನಿಲ್ಲಿಸುತ್ತಿದ್ದರು. ವಾರು ವಾರು ಎಂದು ಅವಕ್ಕೆ ಹೆಸರು. ಹಗಲೆಲ್ಲ ಬಿಸಿಲು ಕುಡಿದ ಕಾಲುವೆಯ ನೀರು ರಾತ್ರಿಯೆಲ್ಲ ಆ ಶಾಖವನ್ನು ಮೆಲ್ಲಮೆಲ್ಲನೆ ಬಿಡುತ್ತ, ದಿಬ್ಬದ ಮೇಲಿನ ಆಲೂಗಡ್ಡೆಯ ಬೆಳೆಯನ್ನು ಹಿಮದಿಂದ ಕಾಪಾಡುತ್ತಿತ್ತು. ಶತಮಾನಗಳ ಕಾಲ ಹಾಳುಬಿದ್ದಿದ್ದ ಈ ಪದ್ಧತಿಯನ್ನು 1980ರ ದಶಕದಲ್ಲಿ ಪ್ರಾಕ್ತನಶಾಸ್ತ್ರಜ್ಞರೂ ಊರವರೂ ಕೂಡಿ ಮತ್ತೆ ಪ್ರಯೋಗಕ್ಕೆ ತಂದರು. ನೀರನ್ನು ಬಿಸಿಮಾಡುವುದು ಕಷ್ಟವೆಂದು ಆಗಲೇ ಹೇಳಿದೆನಷ್ಟೆ. ಬಿಸಿಯಾದ ನೀರು ತಣಿಯುವುದೂ ಅಷ್ಟೇ ನಿಧಾನ. ಬೇರನ್ನು ಮುಳುಗಿಸಿದಾಗ ಕೇಡು ಮಾಡುವ ಆ ಗುಣವೇ, ಬೇರಿನ ಪಕ್ಕದಲ್ಲಿ ಹರಿದಾಗ ರಕ್ಷಣೆಯಾಗುತ್ತದೆ.

ನಮ್ಮಲ್ಲಿ ಹಿಮ ಬೀಳದು. ಆದರೂ ಅದೇ ತತ್ತ್ವ ನಮಗೆ ಸಲ್ಲುತ್ತದೆ. ಮಡಿಯ ಮೇಲೆ ಸಂಜೆ ತಣ್ಣೀರು ಸುರಿಯಬೇಡಿ. ಬಿಸಿಲೇರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ, ದಾರಿಯ ಕಾಲುವೆಗೆ ನೀರು ಬಿಡಿ. ಅದು ಪಕ್ಕದಿಂದ ಮಡಿಯೊಳಕ್ಕೆ ಮೆಲ್ಲನೆ ಸೇದಿಹೋಗುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ನಾಲ್ಕು ಬೆರಳು ಕೆಳಗೆ ಹಸಿ ಇರುತ್ತದೆ. ಎಲೆ ಒದ್ದೆಯಾಗದುದರಿಂದ ಬೂಜುರೋಗವೂ ಕಡಿಮೆ. ಸಸಿಗಳ ಬುಡಕ್ಕೆ ಕಬ್ಬಿನ ರವದಿ ಇಲ್ಲವೆ ಸೋಯಾ ಹೊಟ್ಟನ್ನು ಎರಡಂಗುಲ ಹೊದಿಸಿ. ಆದರೆ ಬೀಜ ಮೊಳೆತು ಎರಡು ಎಲೆ ಬಿಡುವ ತನಕ ಹೊದಿಕೆ ಬೇಡ. ಮೊದಲು ಬಿಸಿಲು ನೆಲಕ್ಕೆ ತಾಕಲಿ. 19ನೆಯ ಶತಮಾನದ ಪ್ಯಾರಿಸ್ ನಗರದ ತೋಟಿಗರು ಕುದುರೆ ಲದ್ದಿಯ ಶಾಖದ ಮೇಲೆ ಮಡಿ ಕಟ್ಟಿ, ಗಾಜಿನ ಗಂಟೆಗಳನ್ನು ಸಸಿಗಳ ಮೇಲೆ ಕವುಚಿ, ನಡುಚಳಿಯಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ. ನಮಗೆ ಆ ವೈಭವ ಬೇಕಿಲ್ಲ. ಗಾಳಿ ಚುಚ್ಚುವ ಐದಾರು ರಾತ್ರಿ ಹಳೆಯ ಸೀರೆಯನ್ನು ಬಿದಿರ ಕಮಾನಿನ ಮೇಲೆ ಹೊದಿಸಿ, ಬೆಳಗ್ಗೆ ತೆಗೆದರೆ ಟೊಮ್ಯಾಟೊದಂಥ ಸುಕುಮಾರ ಗಿಡವೂ ಉಳಿದೀತು.

ನೀರಿನ ಮಾತು ಮುಗಿಯಿತು: ಹಗಲಿನಲ್ಲಿ, ಕಾಲುವೆಯಲ್ಲಿ, ಪಕ್ಕದಿಂದ. ಇನ್ನು ಚೆಲುವಿನ ಮಾತು.

ಕಾಯಿಪಲ್ಲೆಯ ತೋಟಕ್ಕೆ ಚೆಲುವೇಕೆ ಎನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಚೆಲುವಾದ ಮಡಿಯ ಬಳಿಗೆ ಮನೆಯವರು ದಿನಕ್ಕೆರಡು ಸಲ ಹೋಗುತ್ತಾರೆ. ಹೋದವರು ಒಂದು ಕಳೆ ಕೀಳುತ್ತಾರೆ, ಎಲೆಯಡಿಯ ಮೊಟ್ಟೆ ನೋಡುತ್ತಾರೆ. ಯಾರೂ ಹೋಗದ ಮಡಿಯನ್ನು ಹುಳು ತಿನ್ನುತ್ತದೆ. ಆದುದರಿಂದ ಮಡಿಯ ಉತ್ತರದಂಚಿಗೆ ಎತ್ತರದ ಅವರೆ, ಬಟಾಣಿಯ ಬಳ್ಳಿಗಳನ್ನು ಹಂದರಕ್ಕೆ ಹಬ್ಬಿಸಿರಿ. ನಡುವೆ ನೀಲಿಬೂದು ಛಾಯೆಯ ಕೋಸಿನ ಸಾಲು. ಅದರ ಮುಂದೆ ಕೆಂಪು ರಾಜಗಿರಿ. ದಕ್ಷಿಣದಂಚಿಗೆ ನೂಲಿನಂಥ ಎಲೆಯ ಸಬ್ಬಸಿಗೆ, ಗಜ್ಜರಿ. ಮೂಲೆಮೂಲೆಗೆ ಚೆಂಡುಹೂ. ಮೆಟ್ಟಿಲಂತೆ ಇಳಿಯುವ ಈ ಜೋಡಣೆಯಲ್ಲಿ ಯಾವ ಗಿಡವೂ ಇನ್ನೊಂದರ ಬಿಸಿಲು ಕದಿಯುವುದಿಲ್ಲ. ನೋಡುವವರಿಗೆ ಚೆಲುವಾಗಿ ಕಾಣುವುದೂ ಇದೇ ಕಾರಣದಿಂದ.

ಚೆಂಡುಹೂವು ಅಲಂಕಾರಕ್ಕೆ ಮಾತ್ರ ಇರತಕ್ಕದ್ದಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ಟೊಮ್ಯಾಟೊದ 16 ಸಾಲಿಗೆ ಒಂದು ಸಾಲು ಎತ್ತರದ ಚೆಂಡುಹೂವನ್ನು ನೆಡಲು ಹೇಳುತ್ತಾರೆ. ಕಾಯಿಕೊರಕದ ಪತಂಗ ಹೂವಿಗೆ ಮರುಳಾಗಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಟೊಮ್ಯಾಟೊ ಹೂಬಿಡುವ ವೇಳೆಗೆ ಚೆಂಡುಹೂವೂ ಅರಳಿರಬೇಕಾದುದರಿಂದ ಅದರ ಸಸಿ ಹದಿನೈದಿಪ್ಪತ್ತು ದಿನ ಹಿರಿಯದಾಗಿರಬೇಕು. ಕೋಸಿನ ಪಕ್ಕದಲ್ಲಿ ಸಾಸಿವೆ ಬಿತ್ತುವುದೂ ಇಂಥದೇ ಯುಕ್ತಿ. ಕೋಸನ್ನು ಜರಡಿಮಾಡುವ ವಜ್ರಬೆನ್ನಿನ ಪತಂಗಕ್ಕೆ ಸಾಸಿವೆ ಇನ್ನೂ ಪ್ರಿಯ. ಇಷ್ಟಾದರೂ ಹುಳು ಕಂಡರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಸೋಸಿ, ಒಂದು ಲೀಟರಿನಷ್ಟು ಮಾಡಿ ಸಂಜೆ ಸಿಂಪಡಿಸಿರಿ.

ಇಷ್ಟೆಲ್ಲ ಶ್ರಮ ಯಾವ ದಿನಕ್ಕೆ ಫಲಿಸಬೇಕೆಂಬುದನ್ನು ನಮ್ಮ ಸೀಮೆಯವರಿಗೆ ನಾನು ಹೇಳಬೇಕೆ? ಎಳ್ಳಮವಾಸ್ಯೆಗೆ. ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿ, ಬೀಗರುಬಿಜ್ಜರೊಡನೆ ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆಮಾಡಿ, ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಊಟಮಾಡುವ ಆ ಹಬ್ಬದ ಎಡೆಯಲ್ಲಿ ಸಜ್ಜೆರೊಟ್ಟಿಯುಂಟು, ಅಂಬಲಿಯುಂಟು, ಎಲ್ಲಕ್ಕೂ ಮಿಗಿಲಾಗಿ ಭಜ್ಜಿಯುಂಟು. ಭಜ್ಜಿಯೆಂದರೆ ಕರಿದ ತಿಂಡಿಯಲ್ಲವೆಂದು ದಕ್ಷಿಣದ ಶ್ರೋತೃಗಳಿಗಾಗಿ ಹೇಳುತ್ತೇನೆ. ಹಸಿ ತೊಗರಿ, ಅವರೆ, ಬಟಾಣಿ, ಕಡ್ಲಿಕಾಯಿ, ಗಜ್ಜರಿ, ಬದನೆ, ಮೆಂತ್ಯ, ಸಬ್ಬಸಿಗೆ, ಉಳ್ಳಾಗಡ್ಡಿಯ ತಪ್ಪಲು, ಹೀಗೆ ಆ ಕಾಲದಲ್ಲಿ ನೆಲ ಕೊಟ್ಟದ್ದನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಡಲೆಹಿಟ್ಟು ಕದಡಿ ಮಾಡುವ ಗಟ್ಟಿಯಾದ ಅಡುಗೆ. ಮಹಾನವಮಿಯ ಹೊತ್ತಿಗೆ ಬಿತ್ತಿದ ಏರುಮಡಿ ಎಳ್ಳಮವಾಸ್ಯೆಗೆ ಸರಿಯಾಗಿ ತುಂಬಿ ನಿಂತಿರುತ್ತದೆ. ನಾನು ಎರಡನೆಯ ವರ್ಷ ಮಡಿ ಏರಿಸಿದಾಗ, ಹಬ್ಬದ ಹಿಂದಿನ ನಸುಕಿನಲ್ಲಿ ದೊಡ್ಡಮ್ಮ ಶಾಲು ಹೊದ್ದು ಹಿತ್ತಲಿಗೆ ಬಂದಳು. ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಕೋಸಿನೆಲೆಯ ಮೇಲೆ ಇಬ್ಬನಿ ಹರಳುಗಟ್ಟಿದಂತೆ ನಿಂತಿತ್ತು. ರವದಿ ಸರಿಸಿ, ಎರಡು ಬೆರಳನ್ನು ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ, ಸ್ವಲ್ಪ ಹೊತ್ತು ಹಾಗೆಯೇ ಕೂತಳು. "ಬೆಚ್ಚಗದ" ಎಂದಳು. ಆ ದಿನ ಭಜ್ಜಿಗೆಂದು ಒಂದು ಬುಟ್ಟಿ ತುಂಬಿತು. ಸಂತೆಯಿಂದ ತಂದದ್ದು ಉಪ್ಪು, ಮೆಣಸಿನಕಾಯಿ, ಎರಡೇ.

ಕೊನೆಗೆ ಒಂದು ಸಣ್ಣ ಕೆಲಸ ಉಳಿಯಿತು. ಮಾಘ ಕಳೆದು ಬಿಸಿಲು ಬಲಿತಂತೆ ಮೆಂತ್ಯ, ಕೊತಂಬರಿಗಳು ಹೂವಿಗೆ ಬರುತ್ತವೆ. ಆಗ ಇಡೀ ಮಡಿಯನ್ನು ಕಿತ್ತುಹಾಕಬೇಡಿ. ಅತ್ಯಂತ ತಡವಾಗಿ ಹೂಬಿಟ್ಟ ಗಿಡಗಳು ಯಾವುವೆಂದು ಗುರುತಿಸಿ, ಅವಕ್ಕೆ ಕೆಂಪು ದಾರ ಕಟ್ಟಿ, ಬೀಜಕ್ಕೆ ಬಿಡಿ. ಹೆಚ್ಚು ದಿನ ಎಲೆ ಕೊಡುವ ಗುಣ ಆ ಬೀಜದಲ್ಲಿರುತ್ತದೆ. ದೊಡ್ಡಮ್ಮ ಅದನ್ನು ಒಣಗಿಸಿ, ಬೂದಿ ಬೆರೆಸಿ, ಹಳೆಯ ಧೋತರದ ತುಂಡಿನಲ್ಲಿ ಗಂಟುಕಟ್ಟಿ, ಅಟ್ಟದ ತೊಲೆಗೆ ತೂಗುಹಾಕುತ್ತಿದ್ದಳು. ಮುಂದಿನ ಮಹಾನವಮಿಯವರೆಗೆ ಆ ಗಂಟನ್ನು ಯಾರೂ ಮುಟ್ಟುವಂತಿರಲಿಲ್ಲ.